ಡಾಕ್ಟರಿಗೆ ಹೇಳಿದ್ದು ಊರಿಗೆಲ್ಲ ಯಾಕೆ?

2020ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಹೋಮ್ ಕ್ವಾರಂಟೈನ್‌ನಲ್ಲಿದ್ದವರ ಮನೆ ವಿಳಾಸಗಳನ್ನು ಜಿಲ್ಲಾವಾರು ಪಟ್ಟಿ ಮಾಡಿ ವೆಬ್‌ಸೈಟಿಗೆ ಹಾಕಿಬಿಟ್ಟಿತು. ಕೈಗೆ ಅಳಿಸದ ಶಾಯಿಯ ಮುದ್ರೆ ಬೇರೆ. ಆಮೇಲೆ ಗಂಟೆಗೊಂದು ಸೆಲ್ಫಿ ಕಳಿಸಿ ಅನ್ನೋ ಆ್ಯಪ್ ಬಂತು. ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ಮಾತ್ರ ವಿನಾಯಿತಿ. ಹೆದರಿಕೆಯ ದಿನಗಳು ಅವು. ಈಗ ನಿಧಾನಕ್ಕೆ ಕೂತು ಲೆಕ್ಕ ಹಾಕಬಹುದು.

ಸಾಂಕ್ರಾಮಿಕ ರೋಗ ಬಂದಾಗ ಸರ್ಕಾರಕ್ಕೆ ಮಾಹಿತಿ ಬೇಕು, ಇದನ್ನ ನಾನು ಅಲ್ಲಗಳೆಯಲ್ಲ. ವಿಳಾಸವೇ ಇಲ್ಲದಿದ್ರೆ ಆಶಾ ಕಾರ್ಯಕರ್ತೆ ಯಾರ ಬಾಗಿಲು ತಟ್ಟಬೇಕು? ಆದ್ರೆ ವಿಳಾಸ ಬೇಕಿದ್ದದ್ದು ಆಕೆಗೆ, ಎದುರುಮನೆಯವರಿಗಲ್ಲ. ಎಲ್ಲರ ಕಣ್ಣಿಗೆ ಬಿದ್ದ ಪಟ್ಟಿ ಚಿಕಿತ್ಸೆಗೆ ನೆರವಾಗಲ್ಲ, ಬಹಿಷ್ಕಾರಕ್ಕೆ ದಾರಿ ಮಾಡುತ್ತೆ. ಪೆಟ್ಟು ಕೊನೆಗೆ ಬೀಳೋದು ಸಾರ್ವಜನಿಕ ಆರೋಗ್ಯಕ್ಕೇ. ಜ್ವರ ಅಂದ ಕೂಡಲೇ ಮನೆ ವಿಳಾಸ ಬೀದಿಗೆ ಬರುತ್ತೆ ಅಂತ ಗೊತ್ತಾದವನು ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗಿ ಸುಮ್ಮನಾಗ್ತಾನೆ.

ಈ ಸಂಗತಿ ನಮ್ಮ ಕಾನೂನಿಗೆ ಗೊತ್ತಿಲ್ಲದ್ದೇನಲ್ಲ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ರೋಗಿಯ ಒಪ್ಪಿಗೆ ಅಥವಾ ಕೋರ್ಟಿನ ಆದೇಶ ಇಲ್ಲದೆ ಸೋಂಕಿನ ವಿಷಯ ಹೊರಹಾಕುವಂತೆ ಯಾರನ್ನೂ ಬಲವಂತ ಮಾಡಬಾರದು ಅನ್ನುತ್ತೆ. ಗುಟ್ಟು ಉಳಿಯುತ್ತೆ ಅನ್ನೋ ನಂಬಿಕೆ ಇದ್ರೆ ತಾನೇ ಜನ ಪರೀಕ್ಷೆಗೆ ಬರೋದು? ಅದೇ ವರ್ಷ ಆಗಸ್ಟ್ 24ರಂದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ್ದ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಅಂದರು. ಸರ್ಕಾರ ಅದರೊಳಗೆ ಕೈ ಹಾಕಬೇಕಾದ್ರೆ ಕಾನೂನಿನ ಆಧಾರ ಇರಬೇಕು, ನ್ಯಾಯವಾದ ಉದ್ದೇಶ ಇರಬೇಕು, ಕ್ರಮ ಅಗತ್ಯಕ್ಕೆ ತಕ್ಕಷ್ಟೇ ಇರಬೇಕು. ಆ ವಿಳಾಸದ ಪಟ್ಟಿ ಮೂರನೆಯ ಪರೀಕ್ಷೆಯಲ್ಲೇ ಫೇಲು ಅನ್ನೋದು ನನ್ನ ವಾದ. 2021ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಮಧ್ಯಂತರ ಆದೇಶ ಕೊಟ್ಟು, ಬಳಕೆದಾರರ ಒಪ್ಪಿಗೆ ಇಲ್ಲದೆ ಆರೋಗ್ಯ ಸೇತು ಆ್ಯಪಿನ ಮಾಹಿತಿಯನ್ನು ಹಂಚಿಕೊಳ್ಳದಂತೆ ತಡೆದಿತ್ತು.

ಈಗ ಆಭಾ ಬಂದಿದೆ, 14 ಅಂಕಿಯ ಆರೋಗ್ಯ ಖಾತೆ. ಹಳೇ ರಿಪೋರ್ಟುಗಳ ಫೈಲು ಹೊತ್ತು ತಿರುಗೋದು ತಪ್ಪುತ್ತೆ, ಅನುಕೂಲ ನಿಜ. ಕಾಗದದ ಮೇಲೆ ಅದು ಕಡ್ಡಾಯವೂ ಅಲ್ಲ. ಆದ್ರೆ ಆಸ್ಪತ್ರೆ ಕೌಂಟರಿನ ಮುಂದೆ ಹೊಟ್ಟೆನೋವಲ್ಲಿ ನಿಂತವನು ನಿಯಮ ಓದ್ತಾನಾ? ಇನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ನಮ್ಮನ್ನು ಕಾಪಾಡುತ್ತೆ ಅಂದ್ಕೊಂಡ್ರೆ, ಅದರಲ್ಲೂ ಒಂದು ಹಿಂಬಾಗಿಲಿದೆ. ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆಯಂಥ ಕಾರಣ ಕೊಟ್ಟು ಕೇಂದ್ರ ಸರ್ಕಾರ ತನ್ನದೇ ಸಂಸ್ಥೆಗಳನ್ನು ಕಾಯ್ದೆಯಿಂದ ಹೊರಗಿಡಬಹುದು. ಬೇಲಿ ಹಾಕಿದವರ ಕೈಯಲ್ಲೇ ಬೇಲಿ ತೆಗೆಯೋ ಅಧಿಕಾರವೂ ಇದೆ.

ಹಾಗಂತ ಮಾಹಿತಿ ಕೊಡಲೇಬೇಡಿ ಅಂತ ನಾನು ಹೇಳ್ತಿಲ್ಲ. ಕೇಳೋರು ಮೂರು ಮಾತು ಬರೆದು ಕೊಡಲಿ: ಯಾತಕ್ಕೆ ಬೇಕು, ಯಾರು ನೋಡ್ತಾರೆ, ಯಾವಾಗ ಅಳಿಸ್ತೀರಿ. ಬ್ಯಾಂಕಿನ ಪಾಸ್‌ವರ್ಡ್ ಕದ್ದರೆ ಬದಲಾಯಿಸಬಹುದು, ಮಾನಸಿಕ ಆರೋಗ್ಯದ ಚಿಕಿತ್ಸೆಯ ದಾಖಲೆ ಹೊರಗೆ ಬಿದ್ದರೆ ಬದಲಾಯಿಸೋಕೆ ಏನೂ ಇರಲ್ಲ. ಮುಂದಿನ ಸಲ ಕೌಂಟರಿನಲ್ಲಿ ಆಭಾ ನಂಬರ್ ಕೇಳಿದ್ರೆ, ಇದು ಕಡ್ಡಾಯವಾ ಅಂತ ಒಂದ್ಸಲ ಕೇಳಿ ನೋಡಿ. ಎದುರಿಗಿರುವವರು ಏನು ಹೇಳ್ತಾರೆ ಅನ್ನೋದರಲ್ಲೇ ನಮ್ಮ ಹಕ್ಕು ಎಷ್ಟು ದೂರ ಬಂದಿದೆ ಅಂತ ಗೊತ್ತಾಗುತ್ತೆ.