ಮೂವತ್ತೆರಡಕ್ಕೆ ಇಟ್ಟರೆ ಸಾಕೆ?

ಬೆಳಗಿನ ಬಿಸಿಲು ತೋಟಕ್ಕಿಳಿಯುವ ಮೆಟ್ಟಿಲಿಗೆ ತಾಗುವ ಹೊತ್ತಿಗೆ ಚಿರೆಕಲ್ಲಿನ ಮೇಲೆ ಹಾವುರಾಣಿ ಹಾಜರಾಗಿರುತ್ತದೆ. ಹೊಟ್ಟೆಯನ್ನು ಕಲ್ಲಿಗೆ ಒತ್ತಿ ಹತ್ತು ನಿಮಿಷ ಮಲಗುತ್ತದೆ. ಆಮೇಲೆ ಅರ್ಧ ಮೈ ನೆರಳಿಗೆ ಎಳೆದುಕೊಳ್ಳುತ್ತದೆ. ಬಿಸಿಲು ಏರಿತೋ, ಒಣ ಎಲೆಯ ದರಕಿನ ಅಡಿಗೆ ಹೋಗಿ ಮಾಯ. ತನಗೆ ಬೇಕಾದ ಕಾವನ್ನು ಅದು ನಡೆದುಕೊಂಡು ಹೋಗಿ ಹುಡುಕುತ್ತದೆ.

ಕಳೆದ ವಾರ ಯಲ್ಲಾಪುರ ಕಡೆಯ ಓದುಗರೊಬ್ಬರು ಫೋನ್ ಮಾಡಿ, "ಬಾಲ್ ಪೈಥಾನ್ ತಂದಿದ್ದೆ, ಥರ್ಮೋಸ್ಟಾಟ್ ಎಷ್ಟಕ್ಕೆ ಇಡಲಿ?" ಎಂದು ಕೇಳಿದರು. ನಾನು ಮೊದಲು ಕೇಳಿದ್ದು ಕಾಗದ ಪತ್ರ. ಕೇರೆ, ಹೆಬ್ಬಾವು, ನಕ್ಷತ್ರ ಆಮೆ, ಇಂಥ ನಮ್ಮ ನೆಲದವನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಬಾಲ್ ಪೈಥಾನ್ ಪಶ್ಚಿಮ ಆಫ್ರಿಕಾದ್ದು. ಆದರೂ 2022ರ ತಿದ್ದುಪಡಿ, 2024ರ ನಿಯಮ ಬಂದ ಮೇಲೆ ಪರಿವೇಶ್ ಜಾಲತಾಣದಲ್ಲಿ ಅದರ ನೋಂದಣಿ ಆಗಲೇಬೇಕು. ಆಗಿದೆ ಎಂದರು. ಸರಿ, ಮಾತು ಮುಂದುವರಿಯಿತು.

"ಮೂವತ್ತೆರಡು" ಎಂದುಬಿಟ್ಟಿದ್ದರೆ ಅವರು ಖುಷಿಯಲ್ಲಿ ಫೋನ್ ಇಡುತ್ತಿದ್ದರು. ಹಾವಿಗೆ ಮಾತ್ರ ಉಪಯೋಗವಿರುತ್ತಿರಲಿಲ್ಲ. ನಾಲ್ಕಡಿ ಪೆಟ್ಟಿಗೆಯ ಒಂದು ತುದಿ 31-32 ಡಿಗ್ರಿ, ಇನ್ನೊಂದು ತುದಿ 25-26. ನಡುವೆ ಕಾವಿನ ಇಳಿಜಾರು, ಹಾವುರಾಣಿಯ ಹಾಗೆ ಹಾವೂ ತನಗೆ ಬೇಕಾದ ಜಾಗ ಆರಿಸಿಕೊಳ್ಳಲಿ ಎಂದು. ಅದಕ್ಕೇ ಪೆಟ್ಟಿಗೆಯಡಿ ಹಾಸುವ ಹೀಟ್ ಮ್ಯಾಟ್ ತಳದ ಮೂರನೇ ಒಂದು ಪಾಲಿಗಿಂತ ಹೆಚ್ಚು ಆವರಿಸಬಾರದು. ಎರಡೂ ಕಡೆ ಅಡಗಲು ಜಾಗ ಬೇಕು. ನಾನು ಬಾಯಿ ಒಡೆದ ಗಡಿಗೆ ಬೋರಲು ಹಾಕುತ್ತೇನೆ. ಒಂದೇ ಗಡಿಗೆ ಇಟ್ಟರೆ ಹಾವು ಚಳಿಗೂ ಹೆದರಿಕೆಗೂ ನಡುವೆ ಸಿಕ್ಕಿಕೊಳ್ಳುತ್ತದೆ, ತಿನ್ನುವುದನ್ನೂ ಬಿಡುತ್ತದೆ.

ಅಂಕಿಗಿಂತ ದೊಡ್ಡ ವಿಷಯ ಥರ್ಮೋಸ್ಟಾಟಿನ ಸೆನ್ಸಾರ್ ಎಲ್ಲಿದೆ ಎನ್ನುವುದು. ಹಾವು ಸಾಕಿದ ನನ್ನ ಮೊದಲ ಚಳಿಗಾಲದಲ್ಲಿ ಅದನ್ನು ಪೆಟ್ಟಿಗೆಯೊಳಗೆ ಸುಮ್ಮನೆ ಇಳಿಬಿಟ್ಟಿದ್ದೆ. ರಾತ್ರಿ ನಮ್ಮ ಗುಂಡಣ್ಣ (ಉಂಡೆಯಾಗಿ ಸುತ್ತಿಕೊಳ್ಳುವವನಿಗೆ ಇನ್ನೇನು ಹೆಸರಿಡಲಿ) ಅದನ್ನು ನೂಕಿ ನೀರಿನ ಬಟ್ಟಲಿಗೆ ಬೀಳಿಸಿದ. ತಣ್ಣೀರಲ್ಲಿ ಮುಳುಗಿದ ಸೆನ್ಸಾರ್ "ಚಳಿ, ಚಳಿ" ಎನ್ನುತ್ತಲೇ ಇತ್ತು, ಮ್ಯಾಟ್ ಕಾಯುತ್ತಲೇ ಇತ್ತು. ಬೆಳಗ್ಗೆ ಕೈಯಿಟ್ಟು ನೋಡಿದರೆ ಆ ತುದಿಯ ಗಾಜು ದೋಸೆ ಕಾವಲಿ. ಗುಂಡಣ್ಣ ಇನ್ನೊಂದು ಮೂಲೆಯಲ್ಲಿ ಬಟ್ಟಲಿಗೆ ಸುತ್ತು ಹಾಕಿಕೊಂಡು ಕೂತಿದ್ದ. ತಣ್ಣನೆಯ ಮೂಲೆ ಇತ್ತು, ಬದುಕಿದ. ಹೊಟ್ಟೆ ಸುಡುತ್ತಿದ್ದರೂ ಬಿಸಿಯ ಮೇಲಿಂದ ಏಳದ ಹಾವುಗಳೂ ಇವೆ. ಈಗ ಸೆನ್ಸಾರ್ ಮ್ಯಾಟಿಗೂ ಗಾಜಿನ ತಳಕ್ಕೂ ನಡುವೆ, ಹೊರಗಡೆಯಿಂದ ಟೇಪು ಹೊಡೆಸಿಕೊಂಡು ಕೂತಿದೆ. ಒಳಗಿನ ನೆಲದ ಕಾವನ್ನು ಬೇರೆಯೇ ಥರ್ಮಾಮೀಟರಿನಿಂದ ಅಳೆಯುತ್ತೇನೆ. ಹೊರಗೆ 34 ತೋರಿಸಿದಾಗ ನನ್ನ ಪೆಟ್ಟಿಗೆಯ ಒಳನೆಲ 32. ನಿಮ್ಮ ಗಾಜು ದಪ್ಪವಿದ್ದರೆ ಲೆಕ್ಕ ಬೇರೆ.

ಕೋಳಿಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆಗಳಲ್ಲಿ ಹಾಕುವ ಎಸ್‌ಟಿಸಿ-1000 ತರದ ಅಗ್ಗದ ಸಾಧನ ಮ್ಯಾಟಿಗೆ ಧಾರಾಳ ಸಾಕು. ಅದರಲ್ಲಿ ಆನ್-ಆಫ್ ನಡುವಿನ ಅಂತರವನ್ನು ನಾನು 1 ಡಿಗ್ರಿಗೆ ಇಡುತ್ತೇನೆ. ಇನ್ನೂ ಕಮ್ಮಿ ಮಾಡಿದರೆ ರಾತ್ರಿಯಿಡೀ ಟಿಕ್ ಟಿಕ್, ಆನ್-ಆಫ್ ಮಾಡುವ ರಿಲೇಗೂ ಆಯುಷ್ಯ ಕಮ್ಮಿ. ಬಲ್ಬಿನಿಂದ ಕಾವು ಕೊಡುವವರು ಡಿಮ್ಮಿಂಗ್ ಮಾದರಿಯದನ್ನೇ ಕೊಳ್ಳಿ. ಆನ್-ಆಫ್ ಸಾಧನದಲ್ಲಿ ಬಲ್ಬು ಹತ್ತಿ ಆರಿ, ಹತ್ತಿ ಆರಿ, ಬೇಗ ಸುಟ್ಟುಹೋಗುತ್ತದೆ.

ರಿಲೇ ಒಂದು ದಿನ ಅಂಟಿಕೊಂಡೇ ಅಂಟಿಕೊಳ್ಳುತ್ತದೆ, ಆಗ ಮ್ಯಾಟ್ ಆರುವುದೇ ಇಲ್ಲ. ಆದ್ದರಿಂದ ಥರ್ಮೋಸ್ಟಾಟ್ ಸತ್ತರೂ ಹಾವು ಬೇಯದಷ್ಟು ಚಿಕ್ಕ ಮ್ಯಾಟ್ ಆರಿಸಬೇಕು. ಏಪ್ರಿಲ್ ತಿಂಗಳ ಸೆಖೆಗೆ ಲೆಕ್ಕ ಹಾಕಿ ಆರಿಸಿ, ಡಿಸೆಂಬರಿಗಲ್ಲ. ಚಳಿಗೆ ಸಾಲದಿದ್ದರೆ ಪೆಟ್ಟಿಗೆಯ ಮೂರು ಬದಿಗೆ ಥರ್ಮೋಕೋಲ್ ಹಚ್ಚಿದರಾಯಿತು. ನಮ್ಮೂರ ವೋಲ್ಟೇಜನ್ನೂ ಮರೆಯಬೇಡಿ. ಪಂಪುಗಳೆಲ್ಲ ಓಡುವ ಹೊತ್ತಿಗೆ ನಮ್ಮನೆ ಮೀಟರು 180 ತೋರಿಸುತ್ತದೆ. 230ರಲ್ಲಿ 40 ವ್ಯಾಟ್ ಇರುವ ಮ್ಯಾಟ್ ಆಗ 25 ವ್ಯಾಟೂ ಕೊಡುವುದಿಲ್ಲ. "ಥರ್ಮೋಸ್ಟಾಟ್ ಕೆಟ್ಟಿದೆ" ಎಂದು ಬರುವ ದೂರುಗಳಲ್ಲಿ ಎಷ್ಟೋ ಈ ಜಾತಿಯವು.

ಒಂದು ಡಿಗ್ರಿಯೂ ಅತ್ತಿತ್ತ ಆಗಬಾರದ ಜಾಗವೆಂದರೆ ಮೊಟ್ಟೆ. ದಾಂಡೇಲಿಯಲ್ಲಿ ಕಾಳಿ ನದಿಯ ಬಂಡೆಗಳ ಮೇಲೆ ಬಾಯಿ ತೆರೆದು ಮಲಗುವ ಮೊಸಳೆಗಳಿವೆಯಲ್ಲ, ಆ ಜಾತಿಯ ಮೊಟ್ಟೆಗಳನ್ನು ಮದ್ರಾಸಿನ ಮೊಸಳೆ ಬ್ಯಾಂಕಿನಲ್ಲಿ ಬೇರೆಬೇರೆ ಕಾವಿಗೆ ಇಟ್ಟು ನೋಡಿದ್ದಾರೆ. 31 ಡಿಗ್ರಿಯವರೆಗೂ ಹುಟ್ಟಿದ್ದೆಲ್ಲ ಹೆಣ್ಣು, 32.5ಕ್ಕೆ ಬಂದರೆ ಎಲ್ಲವೂ ಗಂಡು. ಇತ್ತ ಕಾಳಿಂಗ ಸರ್ಪ ಯಾವ ಥರ್ಮೋಸ್ಟಾಟಿನ ಹಂಗೂ ಇಲ್ಲದೆ ಬೇಸಿಗೆಯಲ್ಲಿ ದರಕನ್ನು ಮೈಯಿಂದಲೇ ಎಳೆದು ರಾಶಿ ಹಾಕಿ ಒಳಗೆ ಮೊಟ್ಟೆಯಿಡುತ್ತದೆ. ನಮ್ಮ ಮಳೆಗೂ ಒಳಗಿನ ಮೊಟ್ಟೆ ತೋಯುವುದಿಲ್ಲ. ಸೊಪ್ಪಿನ ಬೆಟ್ಟದಲ್ಲಿ ದರಕು ಗುಡಿಸುವವರು ಅಂಥ ರಾಶಿ ಕಂಡರೆ ದೂರ ಸರಿಯುವುದು ಲೇಸು, ತಾಯಿ ಮೇಲೆಯೇ ಕೂತಿರುತ್ತಾಳೆ.

ಹೋದ ಆಷಾಢದಲ್ಲಿ ಲೈನಿನ ಮೇಲೆ ಮರ ಬಿದ್ದು ಮೂರು ದಿನ ಕರೆಂಟಿಲ್ಲ. ಇನ್ವರ್ಟರ್ ಮೊದಲ ರಾತ್ರಿಯೇ ಕೈಕೊಟ್ಟಿತು. ಗುಂಡಣ್ಣನ ಪೆಟ್ಟಿಗೆ ಎತ್ತಿಕೊಂಡು ಹೋಗಿ ಬಚ್ಚಲ ಒಲೆಯಿಂದ ಮೂರು ಮಾರು ದೂರ ಇಟ್ಟೆ. ಬೆಕ್ಕು ಒಲೆ ಕಟ್ಟೆಯ ಮೇಲಿಂದ ಒಮ್ಮೆ ನೋಡಿ ಮತ್ತೆ ಕಣ್ಣು ಮುಚ್ಚಿತು. "ಅದ್ಕೂ ಚಳಿ ಆಗ್ತನ ತಮಾ?" ಎಂದರು ಅಮ್ಮ. ನಾನು ಉತ್ತರ ಕೊಡುವುದರೊಳಗೆ ಒಲೆಗೆ ಇನ್ನೊಂದು ಕುಂಟೆ ತಳ್ಳಿದ್ದರು. ಅರ್ಧ ಗಂಟೆಗೆ ಗಾಜು ಬೆಚ್ಚಗಾಯಿತು. ಗುಂಡಣ್ಣ ಗಡಿಗೆಯಿಂದ ಮೂತಿ ಹೊರಗೆ ಹಾಕಿ, ನಾಲಿಗೆ ಆಡಿಸಿ, ಒಲೆಯಿಂದ ದೂರದ ತುದಿಗೆ ಹೋಗಿ ಸುತ್ತಿಕೊಂಡ. ನಾನು ಪೆಟ್ಟಿಗೆಯನ್ನು ಇನ್ನೊಂದು ಮಾರು ಹಿಂದಕ್ಕೆ ಎಳೆದೆ.