ಓದದೆ ಕೊಟ್ಟ ತೀರ್ಪು

ಸಂಶೋಧಕ ಎಂ. ಚಿದಾನಂದಮೂರ್ತಿ 2020ರ ಜನವರಿ 11ರಂದು ತೀರಿಕೊಂಡರು. ಕೆಲವು ದಿನಗಳ ನಂತರ ರಾಯಚೂರಿನಲ್ಲಿ ಗೆಳೆಯರೊಂದಿಗೆ ಚಹಾ ಕುಡಿಯುತ್ತಾ, 'ಟಿಪ್ಪುವನ್ನು ಹಳಿದವರು, ಅವರಿಂದ ನಮಗೇನಾಗಬೇಕು' ಎಂದು ನಾನು ಮಾತು ಮುಗಿಸಿಬಿಟ್ಟೆ. ಜೊತೆಗಿದ್ದ ಮಾನ್ವಿಯ ನಿವೃತ್ತ ಮೇಷ್ಟ್ರು ಕೇಳಿದರು: "ಅವರ್ದು ಯಾವ ಪುಸ್ತಕ ಓದೀರಿ?" ಪತ್ರಿಕಾ ಹೇಳಿಕೆಗಳ ಹೊರತು ನಾನೇನೂ ಓದಿರಲಿಲ್ಲ. ಮರುವಾರ ಅವರೇ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ'ವನ್ನು ತಂದು ಕೈಗಿಟ್ಟರು.

1966ರಲ್ಲಿ ಪ್ರಕಟವಾದ ಈ ಗ್ರಂಥ ಕ್ರಿ.ಶ. 450ರಿಂದ 1150ರವರೆಗಿನ ಶಾಸನಗಳನ್ನು ಆಧರಿಸಿದ್ದು. ರಾಜರ ವಂಶಾವಳಿಗೆ ನಿಲ್ಲದೆ, ವೀರಗಲ್ಲು, ಮಾಸ್ತಿಕಲ್ಲುಗಳ ಹಿಂದಿನ ಬದುಕನ್ನೂ ಒಡೆಯನಿಗಾಗಿ ಪ್ರಾಣಕೊಟ್ಟ ಆಳುಗಳ ಸಾವನ್ನೂ ಅದು ವಿಚಾರಿಸುತ್ತದೆ. ದೇವದುರ್ಗದಲ್ಲಿ ಬೆಳೆದ ನಾನು ಗಬ್ಬೂರಿನ ಹಳೆಯ ಗುಡಿಗಳ ಶಾಸನಗಳ ಪಕ್ಕದಲ್ಲೇ ಎಷ್ಟೋ ಸಲ ಹಾದುಹೋಗಿದ್ದೆ. ಉರ್ದು ಶಾಲೆಯ ಹುಡುಗನಿಗೆ ಅವು 'ಅವರ' ಕಲ್ಲುಗಳು. ಅವು ನನ್ನ ಸೀಮೆಯ ಕಾಗದಪತ್ರಗಳೂ ಹೌದು ಎಂಬುದನ್ನು ನನಗೆ ತಿಳಿಸಿಕೊಟ್ಟದ್ದು, ನಾನು ದೂರವಿಟ್ಟಿದ್ದ ಈ ಲೇಖಕ!

ಹಾಗೆಂದು ತಕರಾರು ಮುಗಿಯಲಿಲ್ಲ. ಟಿಪ್ಪು ಆಡಳಿತಕ್ಕೆ ಪಾರ್ಸಿಯನ್ನು ತಂದು ಕನ್ನಡವನ್ನು ಹಿಂದಕ್ಕೆ ತಳ್ಳಿದ ಎಂಬುದು ಚಿದಾನಂದಮೂರ್ತಿಯವರ ಆರೋಪ. ರಾಯಚೂರಿನವನಾದ ನಾನು ಇದನ್ನು ಸುಮ್ಮನೆ ತಳ್ಳಿಹಾಕಲಾರೆ. ನಿಜಾಮರ ಆಳ್ವಿಕೆ ಮುಗಿದ 1948ರವರೆಗೆ ನಮ್ಮಲ್ಲಿ ಕಚೇರಿಯ ಭಾಷೆ ಉರ್ದು. ನಮ್ಮ ದಾದಾರಿಗೆ ಅದರಿಂದ ಅನುಕೂಲವಾಯಿತು. ಪಕ್ಕದ ಮನೆಯ ರೈತ ಅರ್ಜಿ ಬರೆಸಲು ಅವರ ಜಗಲಿಯಲ್ಲಿ ಕಾಯುತ್ತಿದ್ದನಂತೆ. ತನ್ನ ನೆಲದಲ್ಲೇ ಭಾಷೆ ಕಳೆದುಕೊಂಡವನ ಸಂಕಟ ಸುಳ್ಳಲ್ಲ. ಕೊಡಗು, ಮಲಬಾರಿನ ನೋವೂ ಸುಳ್ಳಲ್ಲ.

ಆದರೆ ಇನ್ನೊಂದು ದಾಖಲೆಯಿದೆ. 1791ರಲ್ಲಿ ಮರಾಠಾ ಪಡೆ ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ, ಟಿಪ್ಪು ಸ್ವಾಮಿಗಳಿಗೆ ಪತ್ರ ಬರೆದು ನೆರವು ಕಳಿಸಿದ. 1916ರಲ್ಲಿ ಬೆಳಕಿಗೆ ಬಂದ ಆ ಪತ್ರಗಳು ಇರುವುದು ಕನ್ನಡದಲ್ಲಿ. ಅವು ರಾಜಕೀಯ ಲೆಕ್ಕಾಚಾರವೇ ಇರಬಹುದು. ಆದರೂ ದಾಖಲೆ ದಾಖಲೆಯೇ. ಸವೆದ ಅಕ್ಷರಕ್ಕೂ ಬೆಲೆ ಕೊಟ್ಟ ಸಂಶೋಧಕರ ತೀರ್ಪಿನಲ್ಲಿ ಈ ಪತ್ರಗಳಿಗೆ ಸಲ್ಲಬೇಕಾದ ತೂಕ ನನಗೆ ಕಾಣಲಿಲ್ಲ. ಶಾಸನಗಳ ಮುಂದೆ ತಾಳ್ಮೆಯಿಂದ ಕೂತವರು ಟಿಪ್ಪುವಿನ ಮುಂದೆ ಅವಸರಪಟ್ಟರು ಎನಿಸುತ್ತದೆ.

ಅವರನ್ನು ಹೀಗೆ ಅಳೆಯುವ ತಕ್ಕಡಿಯನ್ನೂ ನಾನು ಅವರ ಪುಸ್ತಕದಿಂದಲೇ ಪಡೆದೆ. ಅದೇ ತಕ್ಕಡಿಯಲ್ಲಿ ನನ್ನನ್ನು ತೂಗಿದರೆ? ಒಂದು ಪುಟವನ್ನೂ ಓದದೆ ಚಹಾ ಅಂಗಡಿಯಲ್ಲಿ ತೀರ್ಪು ಕೊಟ್ಟವನು ನಾನು. ಅವರದು ಅವಸರವಾದರೆ ನನ್ನದು ಸೋಮಾರಿತನ.

ಪುಸ್ತಕ ಹಿಂದಿರುಗಿಸಲು ಮಾನ್ವಿಗೆ ಹೋದಾಗ ಮೇಷ್ಟ್ರು, "ಈಗೇನಂತೀರಿ?" ಎಂದರು. "ಜಗಳ ಇನ್ನೂ ಐತ್ರಿ ಸರ್, ಆದ್ರ ಈಗ ಓದಿ ಜಗಳ ಮಾಡ್ತೀನಿ" ಎಂದೆ. ಅವರು ನಕ್ಕು ಇನ್ನೊಂದು ಪುಸ್ತಕ ಕೊಟ್ಟರು.