ಚಗಳಿ ಇರುವಲ್ಲೇ ಚಗಳಿಯ ವೇಷ

ಮಾವಿನೆಲೆ ಹೆಣೆದು ಗೂಡು ಕಟ್ಟಿದ ಚಗಳಿ ಇರುವೆಗಳ ಸಾಲಿನಿಂದ ಗೇಣು ದೂರದಲ್ಲಿ ಒಂಟಿ ಚಗಳಿಯೊಂದು ಓಡಾಡುತ್ತಿದ್ದರೆ ಅದರ ಕಾಲು ಎಣಿಸಿ. ಎಂಟಿದ್ದರೆ ಅದು ಮಿರ್ಮಪ್ಲಾಟ ಪ್ಲಾಟಲಿಯಾಯ್ಡಿಸ್ ಎಂಬ ಜಿಗಿಯುವ ಜೇಡ. ಮೈಬಣ್ಣ ಅದೇ ಕೆಂಗಂದು. ತಲೆಗೂ ಎದೆಗೂ ನಡುವೆ ಚಿವುಟಿದಂತೆ ಕಿರಿದಾಗಿ, ಎರಡು ಭಾಗದ ಜೇಡದ ಮೈ ಮೂರು ಭಾಗದ್ದಾಗಿ ತೋರುತ್ತದೆ. ತಲೆಯ ಇಕ್ಕೆಲದ ಕಪ್ಪು ಮಚ್ಚೆ ಇರುವೆಗಣ್ಣಿನ ಹಾಗಿದೆ. ಎತ್ತಿ ಹಿಡಿದ ಮುಂಗಾಲುಗಳು ಮೀಸೆಯಂತೆ ಆಡುತ್ತಿರುತ್ತವೆ. ಕೈಪಿಡಿಗಳು ರೂಪವನ್ನು ಒಂದು ಕಡೆ, ನೆಲೆಯನ್ನು ಇನ್ನೊಂದು ಕಡೆ ಬರೆಯುತ್ತವೆ. ಈ ಜೇಡದ ಮಟ್ಟಿಗೆ ಅವೆರಡೂ ಒಂದೇ ಸಂಗತಿ. 1869ರಲ್ಲಿ ಸಿಲೋನಿನ ಮಾದರಿಗಳಿಂದ ವಿಜ್ಞಾನಕ್ಕೆ ಪರಿಚಯವಾದ ಇದು ಭಾರತ, ಶ್ರೀಲಂಕಾ, ಚೀನಾ, ಆಗ್ನೇಯ ಏಷ್ಯಾಗಳಲ್ಲಿದೆ; ಅಷ್ಟೂ ಚಗಳಿಯ ಸೀಮೆ. ಕಚ್ಚಿ, ಆಮ್ಲ ಚಿಮ್ಮಿಸಿ, ಗುಂಪಾಗಿ ಮೇಲೆರಗುವ ಚಗಳಿಯ ತಂಟೆ ಹಕ್ಕಿಗಳಿಗೂ ಬೇರೆ ಜೇಡಗಳಿಗೂ ಬೇಡ. ಆ ಭಯ ಇಲ್ಲದ ಊರಲ್ಲಿ ಈ ವೇಷಕ್ಕೆ ಬೆಲೆಯಿಲ್ಲ. ಚಗಳಿ ಆಸ್ಟ್ರೇಲಿಯಾದ ಉತ್ತರಕ್ಕೂ ಹಬ್ಬಿದೆ. ಅಲ್ಲಿ ಅದರ ಹೊಟ್ಟೆ ಹಸಿರು, ಅದನ್ನು ಅನುಕರಿಸುವ ಜೇಡವೂ ಬೇರೆ.

ಇರುವೆಯನ್ನು ಮೋಸಗೊಳಿಸಿ ತಿನ್ನಲೆಂದೇ ಈ ವೇಷ ಎನ್ನುವವರಿದ್ದಾರೆ. ಆ ಕೆಲಸ ಮಾಡುವ ಜೇಡ ನಮ್ಮಲ್ಲೇ ಇದೆ, ಅಮೀಶಿಯಾ ಎಂಬ ಏಡಿಜೇಡ. ನಮ್ಮ ಜೇಡವಾದರೋ ಚಗಳಿ ಹತ್ತಿರ ಬಂದರೆ ಓಡುತ್ತದೆ, ಇಲ್ಲವೇ ನೂಲು ಬಿಟ್ಟು ಕೆಳಗಿಳಿಯುತ್ತದೆ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಗಂಡಿನದು. ಹೆಣ್ಣು 6-7 ಮಿಲಿಮೀಟರ್. ಗಂಡು 9ರಿಂದ 12, ಏಕೆಂದರೆ ಅದರ ದವಡೆಗಳು ಮುಂದಕ್ಕೆ ಉದ್ದಕ್ಕೆ ಚಾಚಿವೆ. ಇಂಥ ದವಡೆ ಯಾವ ಚಗಳಿಗಿದೆ? ಆದರೆ ಆ ದವಡೆಗಳ ತುದಿಯನ್ನು ಹತ್ತಿರದಿಂದ ನೋಡಬೇಕು. ಅದು ಉಬ್ಬಿದೆ, ಅಲ್ಲೂ ಕಣ್ಣಿನಂಥ ಕಪ್ಪು ಮಚ್ಚೆಯಿದೆ. ಹಾಗಾಗಿ ಗಂಡು, ಚಿಕ್ಕ ಇರುವೆಯೊಂದನ್ನು ಕಚ್ಚಿ ಹೊತ್ತೊಯ್ಯುವ ದೊಡ್ಡ ಇರುವೆಯಂತೆ ಕಾಣುತ್ತದೆ. ವೇಷ ಕೆಟ್ಟಿಲ್ಲ, ಬದಲಾಗಿದೆ. ಅದಕ್ಕೆ ತೆರುವ ಬೆಲೆಯೂ ಇದೆ: ಇರುವೆಗಳನ್ನೇ ಬೇಟೆಯಾಡುವ ಜೇಡಗಳು ಬಾಯಿ ತುಂಬಿದ, ಕಚ್ಚಲಾರದ ಇರುವೆಯನ್ನೇ ಆರಿಸಿಕೊಳ್ಳುತ್ತವೆ, ಈ ಬಳಗದ ಗಂಡುಗಳ ಮೇಲೂ ಹಾಗೇ ಎರಗುವುದು ಪ್ರಯೋಗಗಳಲ್ಲಿ ಕಂಡಿದೆ.

ಮಲೆನಾಡಿನಲ್ಲಿ ಚಗಳಿ ಎಂದರೆ ಚಟ್ನಿ, ಇಲ್ಲವೇ ತೋಟದ ಕೆಲಸಕ್ಕೆ ಅಡ್ಡ ಬರುವ ಕಾಟ. ಗೂಡು ಕಿತ್ತಲ್ಲಿ ಈ ಜೇಡದ ರಕ್ಷಣೆಯೂ ಕಿತ್ತುಹೋಗುತ್ತದೆ. ಗೂಡಿಗೆ ಔಷಧ ಹೊಡೆಯುವ ಮುನ್ನ ಅಕ್ಕಪಕ್ಕದ ಎಲೆಗಳನ್ನು ಒಮ್ಮೆ ನೋಡಿ.